ಕುರ್ತಕೋಟಿಯ ಗುರು, ಪ್ಲೇಟಿನ ಉಸ್ತಾದ

ಗದಗಿನ ಜೋಶಿ ಮಾಸ್ತರರಿಗೆ ಹಿರಿಯ ಮಗನದೇ ಚಿಂತೆ. ಓಣಿಯಲ್ಲಿ ಬಾಜಾ ಬಜಂತ್ರಿಯ ಸದ್ದು ಕೇಳಿದರೆ ಹುಡುಗ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಮದುವೆಯ ಮೆರವಣಿಗೆಯೋ ದೇವರ ಉತ್ಸವವೋ, ಅದರ ಬೆನ್ನು ಹತ್ತಿ ಹೋಗುವುದು, ದಣಿದಲ್ಲೇ ಮಲಗಿಬಿಡುವುದು. ಹೊತ್ತು ಮುಳುಗಿದ ಮೇಲೆ ಮನೆಯವರು ಊರೆಲ್ಲ ಹುಡುಕಿ, ಸಿಗದಿದ್ದರೆ ಪೊಲೀಸರ ಬಳಿಗೆ ಹೋಗುವುದು. ಹೀಗೆ ಎಷ್ಟೋ ಸಲ ಆದ ಮೇಲೆ ಗುರುರಾಜಾಚಾರ್ಯ ಜೋಶಿಯವರು ಒಂದು ಉಪಾಯ ಮಾಡಿದರು. ಹುಡುಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಯಿಸಿದರು. ಅಂದಿನಿಂದ ನಿದ್ದೆ ಹೋದ ಹುಡುಗ ಯಾರ ಕಣ್ಣಿಗೆ ಬಿದ್ದರೂ ಮನೆ ಮುಟ್ಟುತ್ತಿದ್ದ.

ಈ ಹುಡುಗ ಹುಟ್ಟಿದ್ದು 1922ರ ಫೆಬ್ರವರಿ 4ರಂದು, ರೋಣದಲ್ಲಿ. ಮುಂದೆ ಭಾರತರತ್ನ ಭೀಮಸೇನ ಜೋಶಿ ಎನಿಸಿಕೊಂಡ. ಅವರ ಕಥೆ ಹೇಳುವವರೆಲ್ಲ ಗದಗಿನಿಂದ ಒಂದೇ ನೆಗೆತಕ್ಕೆ ಕುಂದಗೋಳಕ್ಕೆ, ಗುರು ಸವಾಯಿ ಗಂಧರ್ವರ ಪಾದದ ಬಳಿಗೆ ಹೋಗಿಬಿಡುತ್ತಾರೆ. ನಡುವೆ ಕುರ್ತಕೋಟಿ ಇದೆ. ಗದಗ ತಾಲ್ಲೂಕಿನ, ಹುಲಕೋಟಿ ಕಡೆಯ ಈ ಊರಿನ ಹೆಸರು ಸಾಹಿತ್ಯದವರಿಗೆ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರಿಂದ ಪರಿಚಿತ. ಸಂಗೀತದವರಿಗೆ ಅದು ಪರಿಚಿತವಾಗಬೇಕಾದದ್ದು ಇನ್ನೊಬ್ಬರಿಂದ, ಅಗಸರ ಚನ್ನಪ್ಪನವರಿಂದ. ಭೀಮಸೇನರ ಮೊದಲ ಗುರು ಇವರು. ಇನಾಯತ್ ಖಾನ್ ಎಂಬ ಉಸ್ತಾದರ ಬಳಿ ಕಲಿತಿದ್ದರು. ಹುಡುಗನಿಗೆ ಭೈರವ, ಭೀಮಪಲಾಸ ರಾಗಗಳನ್ನು ಹೇಳಿಕೊಟ್ಟರು. ಜೀವನಚರಿತ್ರೆಗಳಲ್ಲಿ ಅವರ ಪಾಲಿಗೆ ಬಂದದ್ದು ಹೆಚ್ಚುಕಡಿಮೆ ಇಷ್ಟೇ, ಎರಡು ಮೂರು ಸಾಲು.

ಆ ಸಾಲುಗಳಲ್ಲಿ ಸುಮ್ಮನೆ ದಾಟಿ ಹೋಗಬಾರದ ಸಂಗತಿಗಳಿವೆ. ಮಾಧ್ವ ಬ್ರಾಹ್ಮಣ ಮಾಸ್ತರರ ಮನೆಯ ಹುಡುಗ ನೂರು ವರ್ಷದ ಹಿಂದಿನ ಗದಗ ಸೀಮೆಯಲ್ಲಿ ಷಡ್ಜ ಹಿಡಿಯುವುದನ್ನು ಕಲಿತದ್ದು ಅಗಸರ ಚನ್ನಪ್ಪ ಎಂಬ ಹೆಸರಿನವರಿಂದ. ಆ ಚನ್ನಪ್ಪನವರು ಕಲಿತದ್ದು ಒಬ್ಬ ಖಾನ್ ಸಾಹೇಬರಿಂದ. ಯಾರೂ ಇದನ್ನು ಸಮಾಜ ಸುಧಾರಣೆ ಎಂದು ಕರೆಯಲಿಲ್ಲ. ಹಾಡು ಬೇಕಾಗಿತ್ತು, ಬಲ್ಲವರು ಹತ್ತಿರದಲ್ಲಿದ್ದರು, ಅಷ್ಟೇ.

ಕಲಿಸಿದ ರಾಗಗಳನ್ನೂ ಸ್ವಲ್ಪ ನೋಡಿ. ಭೈರವ ಬೆಳಗಿನ ರಾಗ. ರಿಷಭ, ಧೈವತ ಎರಡೂ ಕೋಮಲ. ಅವನ್ನು ಮುಟ್ಟಿ ಬಿಡುವಂತಿಲ್ಲ, ನಿಧಾನಕ್ಕೆ ತೂಗಿಸಬೇಕು; ಗವಾಯಿಗಳು ಆಂದೋಲನ ಎನ್ನುತ್ತಾರೆ. ಹಿಂದೂಸ್ತಾನಿಯಲ್ಲಿ ಅನೇಕರು ಮೊದಲಿಗೆ ಕಲಿಸುವ ರಾಗ ಇದು. ಅದೇ ಸ್ವರಗಳನ್ನು ದಕ್ಷಿಣಾದಿಯವರು ಮಾಯಾಮಾಳವಗೌಳ ಎಂದು ಕರೆದು ಸರಳೆ ವರಸೆ ಶುರುಮಾಡುವುದೂ ಅದರಿಂದಲೇ. ಅಂದರೆ ಮೈಸೂರಿನ ಅಗ್ರಹಾರದಲ್ಲಿ ಕೂತ ಮಗುವೂ ಗದಗಿನ ಹುಡುಗನೂ ಒಂದೇ ಮೆಟ್ಟಿಲಿನಿಂದ ಹತ್ತಿದರು. ಭೀಮಪಲಾಸ ಮಧ್ಯಾಹ್ನದ್ದು. ಏರುವಾಗ ರಿಷಭ, ಧೈವತಗಳನ್ನು ಬಿಟ್ಟು ಹೋಗಬೇಕು, ಇಳಿಯುವಾಗ ಎರಡನ್ನೂ ಹಿಡಿದುಕೊಂಡು ಬರಬೇಕು. ಗಾಂಧಾರ, ನಿಷಾದ ಕೋಮಲ. ಮಧ್ಯಮದ ಮೇಲೆ ನಿಲ್ಲಬೇಕು. ಒಂದು ರಾಗ ಸ್ವರದ ಮೇಲೆ ನಿಲ್ಲುವುದನ್ನು ಕಲಿಸುತ್ತದೆ, ಇನ್ನೊಂದು ಸ್ವರವನ್ನು ಬಿಡುವುದನ್ನು. ಹಳ್ಳಿಯ ಮಾಸ್ತರ ತೋಚಿದ್ದನ್ನು ಹೇಳಿಕೊಟ್ಟ ಎಂದುಕೊಳ್ಳುವವರು ಈ ಜೋಡಿಯನ್ನು ಒಮ್ಮೆ ಹಾಡಿ ನೋಡಬೇಕು.

ಇನ್ನೊಬ್ಬ ಗುರು ಸಿಕ್ಕಿದ್ದು ಗದಗಿನ ಅಂಗಡಿಯ ಮುಂದೆ. ಅಲ್ಲಿ ಗ್ರಾಮಫೋನ್ ಹಾಡುತ್ತಿತ್ತು. ಶಾಲೆ ಬಿಟ್ಟ ಹುಡುಗ ಹಾದಿಯಲ್ಲಿ ನಿಂತು ಕೇಳುತ್ತಿದ್ದ. ಒಂದು ದಿನ ಕಿವಿಗೆ ಬಿದ್ದದ್ದು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ದನಿ, ಝಿಂಝೋಟಿ ರಾಗದ ಠುಮ್ರಿ. ಹಾಡಿದರೆ ಹೀಗೆ ಹಾಡಬೇಕು ಎಂದು ತಮಗೆ ಅನಿಸಿದ್ದು ಆ ಪ್ಲೇಟಿನಿಂದ ಎಂಬುದನ್ನು ಜೋಶಿಯವರೇ ಮುಂದೆ ಹಲವು ಸಲ ಹೇಳಿಕೊಂಡರು.

ಆ ಪ್ಲೇಟು ಏನು ಎಂಬುದು ಈಗಿನವರಿಗೆ ಬಿಡಿಸಿ ಹೇಳಬೇಕಾಗಿದೆ. ಹತ್ತು ಇಂಚಿನ ಕಪ್ಪು ತಟ್ಟೆ, ಬಿದ್ದರೆ ಒಡೆಯುತ್ತದೆ. ಅದಕ್ಕೆ ಗಟ್ಟಿತನ ಕೊಡುವುದು ಅರಗು. ಮುತ್ತುಗ, ಬೋರೆ ಮರಗಳ ಕೊಂಬೆಯ ಮೇಲೆ ಹುಳ ಕಟ್ಟುವ ಅಂಟು. ಜಗತ್ತಿನ ಗ್ರಾಮಫೋನ್ ಕಂಪನಿಗಳಿಗೆ ಬೇಕಾದ ಅರಗು ಬಹುಪಾಲು ನಮ್ಮ ದೇಶದ ಕಾಡಿನಿಂದಲೇ ಹೋಗುತ್ತಿತ್ತು. ಮೊದಮೊದಲು ಅರಗು ಇಲ್ಲಿಂದ ಯುರೋಪಿಗೆ ಹೋಗಿ, ಹಾಡಿನ ಅಚ್ಚೂ ಇಲ್ಲಿಂದಲೇ ಹೋಗಿ, ಜರ್ಮನಿಯ ಹ್ಯಾನೋವರಿನಲ್ಲಿ ಪ್ಲೇಟಾಗಿ ತಿರುಗಿ ಬರುತ್ತಿತ್ತು. 1902ರ ನವೆಂಬರಿನಲ್ಲಿ ಕೋಲ್ಕತ್ತದಲ್ಲಿ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದ್ದು ಆ ಜರ್ಮನ್ ಕೆಲಸಗಾರರಿಗೆ ಲೇಬಲ್ಲಿನ ಮೇಲೆ ಯಾರ ಹೆಸರು ಹಾಕಬೇಕೆಂದು ಗೊತ್ತಾಗಲಿ ಎಂದು. 1908ರಲ್ಲಿ ಕೋಲ್ಕತ್ತದ ಸಿಯಾಲ್ದಾದಲ್ಲಿ ಕಾರ್ಖಾನೆ ಬಂದ ಮೇಲೆ ಆ ಸಮುದ್ರಯಾನ ತಪ್ಪಿತು.

ಯಂತ್ರಕ್ಕೆ ಕರೆಂಟು ಬೇಡ. ಪಕ್ಕದ ಹಿಡಿಕೆ ತಿರುಗಿಸಿ ಕೀಲಿ ಕೊಟ್ಟರೆ ಒಳಗಿನ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತ ತಟ್ಟೆ ತಿರುಗಿಸುತ್ತದೆ, ನಿಮಿಷಕ್ಕೆ ಸುಮಾರು 78 ಸುತ್ತು. ಉಕ್ಕಿನ ಮುಳ್ಳು ಗೆರೆಯಲ್ಲಿ ಓಡುತ್ತದೆ. ಒಂದು ಬದಿ ಮುಗಿಯುವಷ್ಟರಲ್ಲಿ ಅದರ ಮೊನೆ ಸವೆದು, ಇನ್ನೊಂದು ಮುಳ್ಳು ಹಾಕಬೇಕು. ಕೀಲಿ ಸಡಿಲಾಯಿತೋ, ತಟ್ಟೆಯ ವೇಗ ಕುಂದಿ, ಉಸ್ತಾದರ ಷಡ್ಜವೇ ಜಾರತೊಡಗುತ್ತದೆ. ಒಂದು ಬದಿಗೆ ಮೂರು ನಿಮಿಷ, ಬಹಳವೆಂದರೆ ಮೂರೂವರೆ. ಒಂದು ಬಡಾ ಖ್ಯಾಲನ್ನು ತಾಸುಗಟ್ಟಲೆ ಬೆಳೆಸುವವರು ಮೂರು ನಿಮಿಷದಲ್ಲಿ ರಾಗದ ಮುಖ ತೋರಿಸಿ, ಎರಡು ತಾನು ಹಾಕಿ, ಮುಗಿಸಬೇಕು. ಎಷ್ಟೋ ಉಸ್ತಾದರು ಈ ಉಸಾಬರಿಯೇ ಬೇಡವೆಂದರು. ಇಷ್ಟು ಚೂರಿಗೆ ಸಂಗೀತ ಎನ್ನುವುದೇ ಎಂಬ ಸಿಟ್ಟು ಒಂದು ಕಡೆ, ಮನೆತನದ ಬಂದಿಶು ಬೀದಿ ಪಾಲಾದೀತೆಂಬ ಅಂಜಿಕೆ ಇನ್ನೊಂದು ಕಡೆ. ಅಬ್ದುಲ್ ಕರೀಂ ಖಾನರು ಅಂಜಲಿಲ್ಲ, ಅಂತೆಯೇ ಗದಗಿನ ಹಾದಿಯಲ್ಲಿ ನಿಂತ ಹುಡುಗನಿಗೆ ಸಿಕ್ಕರು.

ಈಗ ರೀಲ್ಸ್ ನೋಡುವ ಮಕ್ಕಳ ಬಗ್ಗೆ ಹಿರಿಯರು ಆಡುವ ಮಾತುಗಳನ್ನು ಕೇಳಿದಾಗಲೆಲ್ಲ ನನಗೆ ಈ ಮೂರು ನಿಮಿಷ ನೆನಪಾಗುತ್ತದೆ. ಆ ಕಾಲದ ರೀಲು ಅದು. ಅದನ್ನು ಕೇಳಿದವರೆಲ್ಲ ಕೆಟ್ಟುಹೋಗಲಿಲ್ಲ. ಧಾರವಾಡದಲ್ಲಿ ಗಂಗೂಬಾಯಿ ಹಾನಗಲ್ಲರೂ ಹುಡುಗಿಯಾಗಿದ್ದಾಗ ಗ್ರಾಮಫೋನಿನ ದನಿ ಕೇಳಿದರೆ ಬೀದಿಗೆ ಓಡಿ ಬರುತ್ತಿದ್ದರು. 1930ರ ದಶಕದಲ್ಲಿ ಅವರೇ ಪ್ಲೇಟು ಕೊಟ್ಟರು.

ಪ್ಲೇಟಿಗೆ ಕಚೇರಿಗಿಲ್ಲದ ಒಂದು ಗುಣವಿದೆ. ಮುಳ್ಳನ್ನು ಎತ್ತಿ ಮೊದಲಿನಿಂದ ಇಟ್ಟರೆ ಅದೇ ತಾನು, ಅದೇ ಉಸಿರು ಮತ್ತೆ ಬರುತ್ತದೆ. ಸಿಡುಕದ, ದಣಿಯದ ಗುರು. ಆದರೆ ಕೇಳುವವನ ರಿಷಭ ಇಳಿದಿದೆ ಎಂದು ಅದು ಎಂದೂ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಕುರ್ತಕೋಟಿಯ ಚನ್ನಪ್ಪನಂಥವರು. ಇನ್ನೂ ದೊಡ್ಡ ಕೊರತೆ ಎಂದರೆ ಪ್ಲೇಟಿನ ಮೇಲೆ ಹೆಸರಿರುತ್ತದೆ, ವಿಳಾಸವಿರುವುದಿಲ್ಲ. ಈ ದನಿ ಎಲ್ಲಿಂದ ಬಂತು, ಹೀಗೆ ಹಾಡುವುದನ್ನು ಎಲ್ಲಿಗೆ ಹೋದರೆ ಕಲಿಸುತ್ತಾರೆ ಎಂಬುದನ್ನು ಅದು ತಿಳಿಸುವುದಿಲ್ಲ. ವಿಳಾಸ ಹುಡುಕುತ್ತ ಹುಡುಗ ಮನೆ ಬಿಟ್ಟ.

ಮನೆ ಬಿಟ್ಟದ್ದು 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ. ಊಟದಲ್ಲಿ ತುಪ್ಪ ಬಡಿಸುವ ವಿಚಾರಕ್ಕೆ ತಾಯಿಯೊಂದಿಗೆ ಮುನಿಸಿಕೊಂಡದ್ದು ನೆಪ ಎಂದು ಹೇಳುತ್ತಾರೆ. ತುಪ್ಪ ಸಿಕ್ಕಿದ್ದರೂ ಇನ್ನೊಂದು ನೆಪ ಹುಟ್ಟುತ್ತಿತ್ತು ಎಂದು ನನ್ನ ಅಂದಾಜು. ಗದಗ ಆಗಲೇ ರೈಲು ಜಂಕ್ಷನ್. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹೊಟಗಿಯಿಂದ ವಿಜಾಪುರ, ಬಾಗಲಕೋಟೆ ದಾಟಿಸಿ ಗದಗಿಗೆ ಮೀಟರ್ ಗೇಜ್ ತಂದಿದ್ದರು. ಬಳ್ಳಾರಿ, ಹುಬ್ಬಳ್ಳಿಗಳಿಗೂ ಇಲ್ಲಿಂದ ಹಳಿ. ಹತ್ತಿ ಸಾಗಿಸುತ್ತಿದ್ದ ಹಳಿಗಳ ಮೇಲೆಯೇ ನಾಟಕ ಕಂಪನಿಗಳ ಪರದೆ ಪೆಟ್ಟಿಗೆಗಳೂ, ಮೈಸೂರು ಅರಮನೆಗೆ ಹೊರಟ ಉಸ್ತಾದರೂ, ಅವರ ತಂಬೂರಿಗಳೂ ಓಡಾಡಿದವು. ಗರುಡ ಸದಾಶಿವರಾಯರ ಕಂಪನಿ ಗದಗಿನದೇ. ಧಾರವಾಡ, ಹುಬ್ಬಳ್ಳಿ, ಗದಗಗಳ ಮಣ್ಣಿನಲ್ಲೇ ಸಂಗೀತ ಇದೆ ಎಂದು ಭಾಷಣಗಳಲ್ಲಿ ಹೇಳುವುದುಂಟು. ಮಣ್ಣಿನ ಮಾತು ಇರಲಿ, ರೈಲಿನ ವೇಳಾಪಟ್ಟಿಗೂ ಸ್ವಲ್ಪ ಶ್ರೇಯಸ್ಸು ಸಲ್ಲಬೇಕು.

ಕಿಸೆಯಲ್ಲಿ ಕಾಸಿರಲಿಲ್ಲ. ಸಹಪ್ರಯಾಣಿಕರು ಕೊಟ್ಟ ಹಣ, ಬೋಗಿಯಲ್ಲಿ ಹಾಡಿ ಗಳಿಸಿದ ಕರುಣೆ, ಇವುಗಳ ಮೇಲೆಯೇ ಪ್ರವಾಸ. ವಿಜಾಪುರ, ಪುಣೆ, ಅಲ್ಲಿಂದ ಗ್ವಾಲಿಯರ್. ಅಲ್ಲಿ ಸರೋದ್ ವಾದಕ ಹಾಫಿಜ್ ಅಲಿ ಖಾನರ ನೆರವಿನಿಂದ ಮಹಾರಾಜರ ಮಾಧವ ಸಂಗೀತ ಶಾಲೆಯಲ್ಲಿ ಜಾಗ. ಮುಂದೆ ದಿಲ್ಲಿ, ಕೋಲ್ಕತ್ತ, ಲಖನೌ, ರಾಮಪುರ. ಜಾಲಂಧರಕ್ಕೆ ಬಂದಾಗ ಅಲ್ಲಿನ ಹರವಲ್ಲಭ ಸಂಗೀತ ಮೇಳಕ್ಕೆ ಹಾಡಲು ಬಂದಿದ್ದ ವಿನಾಯಕರಾವ್ ಪಟವರ್ಧನರ ಕಣ್ಣಿಗೆ ಬಿದ್ದ. ನೀನು ಇಷ್ಟು ದೂರ ಯಾಕೆ ಬಂದೆ, ನಿಮ್ಮ ಕಡೆಗೇ ಸವಾಯಿ ಗಂಧರ್ವರಿದ್ದಾರಲ್ಲ ಎಂದು ಅವರು ಹೇಳಿದರಂತೆ. ತಂದೆ ಹುಡುಕಿಕೊಂಡು ಜಾಲಂಧರಕ್ಕೆ ಹೋಗಿ ಮಗನನ್ನು ಕರೆತಂದರು.

ಕುಂದಗೋಳ ಗದಗಿನಿಂದ ಎಂಬತ್ತು ಕಿಲೋಮೀಟರ್ ಆಸುಪಾಸು. ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿದರೆ ಅರ್ಧ ದಿನದ ದಾರಿ. ಅಲ್ಲಿದ್ದ ರಾಮಭಾವು ಕುಂದಗೋಳಕರರು, ಜನ ಸವಾಯಿ ಗಂಧರ್ವ ಎಂದು ಕರೆಯುತ್ತಿದ್ದವರು, ಯಾರ ಶಿಷ್ಯರು ಗೊತ್ತೇ? ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು. ಪ್ಲೇಟಿನಲ್ಲಿ ಕೇಳಿದ ದನಿಯ ನೇರ ವಾರಸುದಾರ ಮನೆಯ ಮಗ್ಗುಲಲ್ಲೇ ಇದ್ದರು, ಹುಡುಗ ಮೂರು ವರ್ಷ ಉತ್ತರ ಭಾರತ ಸುತ್ತಿ ಬಂದಿದ್ದ. ವಿಳಾಸ ಕೊಟ್ಟದ್ದು ಪ್ಲೇಟಲ್ಲ, ಜಾಲಂಧರದಲ್ಲಿ ಎದುರಾದ ಒಬ್ಬ ಮನುಷ್ಯ. 1936ರಲ್ಲಿ ಸವಾಯಿ ಗಂಧರ್ವರು ಕಲಿಸಲು ಒಪ್ಪಿದರು. 1940ರವರೆಗೆ ಅಲ್ಲಿ ವಾಸ, ನೀರು ಹೊರುವ ಕೆಲಸದಿಂದ ಹಿಡಿದು ರಿಯಾಜಿನವರೆಗೆ.

ಖಾನ್ ಸಾಹೇಬರ ಕೊನೆಯೂ ರೈಲಿನ ಹಾದಿಯಲ್ಲೇ ಆಯಿತು. 1937ರ ಅಕ್ಟೋಬರಿನಲ್ಲಿ ಮದರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದಾಗ ಎದೆನೋವು ಬಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ಸ್ಟೇಷನ್ನಿನಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿದ ಹಾಸಿಗೆಯಲ್ಲಿ ಕೂತು, ತಂಬೂರಿ ಶ್ರುತಿ ಮಾಡಿಸಿ, ದರಬಾರಿ ರಾಗದಲ್ಲಿ ಪ್ರಾರ್ಥನೆ ಹೇಳುತ್ತಲೇ ತೀರಿಕೊಂಡರೆಂದು ಕಿರಾಣಾದವರು ಇಂದಿಗೂ ಹೇಳುತ್ತಾರೆ. ಅವರ ಸಮಾಧಿ ಮೀರಜಿನ ಖ್ವಾಜಾ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಅಲ್ಲಿನ ಉರುಸಿನಲ್ಲಿ ಹಾಡುವುದು ಕರ್ನಾಟಕದ ಗವಾಯಿಗಳಿಗೂ ಸೇವೆಯೇ.

ನಂಬಿಕೆಯ ಮಾತು ಬಂದಾಗ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬಿಡಲಾಗದು. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆದು ಕೊನೆಗೆ ಇಲ್ಲಿ ನೆಲೆ ನಿಂತರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದರು. ಅನ್ನವೂ ಪುಕ್ಕಟೆ, ಪಾಠವೂ ಪುಕ್ಕಟೆ. ಆ ದಾಸೋಹದಲ್ಲಿ ಉಂಡು ಹೊರಬಂದ ಹಾಡುಗಾರರು, ತಬಲಾದವರು, ಪಿಟೀಲಿನವರು, ಪುರಾಣ ಹೇಳುವ ಗವಾಯಿಗಳು ಈ ಸೀಮೆಯ ಪ್ರತಿ ಜಾತ್ರೆಯಲ್ಲೂ ಸಿಗುತ್ತಾರೆ. ಪ್ಲೇಟು ಕೊಳ್ಳಲು ಹಣವಿಲ್ಲದ ಕಾಲದಲ್ಲೂ, ಫೋನು ಕೊಳ್ಳಲು ಹಣವಿಲ್ಲದ ಮನೆಯಲ್ಲೂ, ಗದಗ ಜಿಲ್ಲೆಯ ಮಗುವಿಗೆ ಒಂದು ವಿಳಾಸ ಇತ್ತೆಂದರೆ ಅದು ಪುಣ್ಯಾಶ್ರಮದ್ದು.

ಅಂಗಡಿಯ ಮುಂದೆ ನಿಂತ ಹುಡುಗ 1942ರಲ್ಲಿ ತಾನೇ ಪ್ಲೇಟಾದ. ಎಚ್ಎಂವಿಯಿಂದ ಬಂದ ಆ ಮೊದಲ ರೆಕಾರ್ಡುಗಳಲ್ಲಿ ಭಕ್ತಿಗೀತೆಗಳಿದ್ದವು. ಮುಂದೆ ಎಲ್‌ಪಿ, ಕ್ಯಾಸೆಟ್ಟು, ದೂರದರ್ಶನ. 1988ರ ಆಗಸ್ಟ್ 15ರಂದು ಮೊದಲು ಬಿತ್ತರವಾದ ರಾಷ್ಟ್ರೀಯ ಭಾವೈಕ್ಯದ ಆ ಹಾಡು ಶುರುವಾಗುವುದೇ ಅವರ ದನಿಯಿಂದ. ಕಚೇರಿಯಿಂದ ಕಚೇರಿಗೆ ವಿಮಾನದಲ್ಲಿ ಹಾರುತ್ತಿದ್ದುದಕ್ಕೆ ಗುರುವಿನ ಹೆಸರನ್ನು ತಿರುಚಿ ಅವರನ್ನು ‘ಹವಾಯಿ ಗಂಧರ್ವ’ ಎಂದವರುಂಟು. ಕಾರು ಓಡಿಸುವ, ರಿಪೇರಿ ಮಾಡುವ ಹುಚ್ಚೂ ಇತ್ತು. ಯಂತ್ರವನ್ನು ಕಂಡರೆ ಮೂಗು ಮುರಿಯುವ ಶಾಸ್ತ್ರೀಯರ ಪೈಕಿ ಅವರಲ್ಲ. ಇನ್ನು ನಮ್ಮ ಮನೆಗಳಿಗೆ ಅವರು ಬಂದದ್ದು ದಾಸರ ಪದಗಳ ಕ್ಯಾಸೆಟ್ಟಿನಲ್ಲಿ. ಶುಕ್ರವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಲಕ್ಷ್ಮಿಯನ್ನು ಕರೆಯುವ ಪುರಂದರದಾಸರ ಹಾಡು ಅವರ ದನಿಯಲ್ಲಿ ಕೇಳಿಸದ ಓಣಿ ಉತ್ತರ ಕರ್ನಾಟಕದಲ್ಲಿ ಕಡಿಮೆ. ಖ್ಯಾಲು ಎಂದರೇನು ಎಂದು ಗೊತ್ತಿಲ್ಲದ ನಮ್ಮ ಅವ್ವಂದಿರು ಕಿರಾಣಾ ಘರಾಣೆಯ ಸ್ವರ ಹಚ್ಚುವ ಪರಿಯನ್ನು ಹಾಗೆ ಕೇಳಿದರು, ಸೌಟು ಕೈಯಲ್ಲಿ ಹಿಡಿದುಕೊಂಡು.

ಇಂದು ಕುರ್ತಕೋಟಿಯ ಬಸ್ ನಿಲ್ದಾಣದಲ್ಲಿ ನಿಂತ ಹುಡುಗಿಯ ಫೋನಿನಲ್ಲೇ ಝಿಂಝೋಟಿಯ ಆ ಠುಮ್ರಿ ಸಿಗುತ್ತದೆ. ಯೂಟ್ಯೂಬಿನಲ್ಲಿ ಅಬ್ದುಲ್ ಕರೀಂ ಖಾನರ ಹೆಸರು ಬರೆದರೆ ಸಾಕು. ಒಂದು ಎಚ್ಚರಿಕೆ ಇರಲಿ. ಹಳೆಯ ಪ್ಲೇಟುಗಳನ್ನೆಲ್ಲ ಕರಾರುವಾಕ್ಕಾಗಿ 78ರ ವೇಗದಲ್ಲಿಯೇ ಮುದ್ರಿಸಿರಲಿಲ್ಲ, ಹೆಚ್ಚುಕಡಿಮೆ ಇರುತ್ತಿತ್ತು. ಈಗ ಅಪ್‌ಲೋಡ್ ಮಾಡುವವರು ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ದನಿ ಅರ್ಧ ಸ್ವರ ಮೇಲೋ ಕೆಳಗೋ ಸರಿದಿರುತ್ತದೆ. ಒಂದೇ ಹಾಡು ಎರಡು ಕಡೆ ಎರಡು ಶ್ರುತಿಯಲ್ಲಿ ಸಿಕ್ಕರೆ ಫೋನು ಕೆಟ್ಟಿದೆ ಎಂದುಕೊಳ್ಳಬೇಡಿ. ಖಾನರದ್ದು ಎತ್ತರದ, ತೆಳ್ಳನೆಯ ದನಿ ನಿಜ. ಆದರೆ ಅದು ಎಷ್ಟು ಎತ್ತರ ಎಂಬುದನ್ನು ಅಪ್‌ಲೋಡ್ ನಂಬಿ ತೀರ್ಮಾನಿಸಬಾರದು.

ತಂಬೂರಿಯೂ ಫೋನಿಗೆ ಬಂದಿದೆ. ಮೀರಜಿನ ಕುಶಲಕರ್ಮಿಗಳು ಒಣಗಿದ ಸೋರೆಬುರುಡೆಯಿಂದ ಮಾಡುವ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಆ ದೊಡ್ಡ ವಾದ್ಯವನ್ನು ಹೊತ್ತುಕೊಂಡು ಬಸ್ಸು ಹತ್ತುವುದು ಯಾರಿಗೆ ಬೇಕು? ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಈ ತೊಂದರೆಗೆ ಸಿಕ್ಕ ಉತ್ತರ. ಈಗ ಅದೂ ಬೇಡ, ಪುಕ್ಕಟೆ ಆ್ಯಪ್ ಸಾಕು. ನಾಲ್ಕು ತಂತಿ ಕೈಯಾರೆ ಕೂಡಿಸುವಾಗ ಕಿವಿಗೆ ಆಗುವ ಪಾಠ ಆ್ಯಪಿನಲ್ಲಿ ಆಗದು ಎನ್ನುವ ಗುರುಗಳಿದ್ದಾರೆ. ಅವರ ಮಾತು ನಿಜ. ಆದರೂ ತಂಬೂರಿಯೇ ಇಲ್ಲದೆ ಹಾಡುವುದಕ್ಕಿಂತ ಆ್ಯಪಿನ ಜೊತೆ ಹಾಡುವುದು ಎಷ್ಟೋ ಮೇಲು.

ಫೋನು ಒಂದು ಹಾಡು ಮುಗಿದೊಡನೆ ಅಂಥದೇ ಇನ್ನೊಂದನ್ನು ತಂದು ಮುಂದಿಡುತ್ತದೆ. ಅಬ್ದುಲ್ ಕರೀಂ ಖಾನರಿಂದ ಸವಾಯಿ ಗಂಧರ್ವರಿಗೆ, ಅಲ್ಲಿಂದ ಗಂಗೂಬಾಯಿಗೆ ಅದು ಕರೆದೊಯ್ಯಬಲ್ಲದು. ಮೂರು ವರ್ಷದ ಅಲೆದಾಟ ಅರ್ಧ ಗಂಟೆಗೆ ಇಳಿದಿದೆ. ಇದು ಸಣ್ಣ ಉಪಕಾರವಲ್ಲ. ಆದರೆ ಪಕ್ಕದ ಓಣಿಯಲ್ಲಿ ಭಜನೆಗೆ ಪೇಟಿ ಬಾರಿಸುವ ಅಜ್ಜನಿಗೆ ಭೀಮಪಲಾಸ ಗೊತ್ತು ಎಂಬುದು ಅದಕ್ಕೆ ತಿಳಿಯದು. ಅವನು ಯಾವತ್ತೂ ಯಾವುದನ್ನೂ ಅಪ್‌ಲೋಡ್ ಮಾಡಿಲ್ಲ. ಚನ್ನಪ್ಪನವರದೂ ಇದೇ ಪಾಡು. ಅವರ ಶಿಷ್ಯನ ದನಿ ಜಗತ್ತಿಗೆಲ್ಲ ಸಿಗುತ್ತದೆ, ಅವರ ಬದುಕು ಎರಡು ಸಾಲಿಗೆ ಮುಗಿಯುತ್ತದೆ.

ಆದ್ದರಿಂದ ಕುರ್ತಕೋಟಿ, ಹುಲಕೋಟಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಊರಿನ ನಾಟಕದ ಮಾಸ್ತರರು, ಪೇಟಿ ಮಾಸ್ತರರು, ಭಜನಾ ಮೇಳದ ಮುಂದಾಳುಗಳು ಯಾರು, ಯಾರಿಂದ ಕಲಿತರು, ಯಾರಿಗೆ ಕಲಿಸಿದರು ಎಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡಿ; ಫೋನಿನಲ್ಲಿ ಅವರ ದನಿ ಹಿಡಿದಿಡಿ. ಹಾಡಿನ ವಹಿ ಸಿಕ್ಕರೆ ಪುಟ ಪುಟ ಫೋಟೊ ತೆಗೆಯಿರಿ. ಅಟ್ಟದ ಮೇಲಿನ ಕ್ಯಾಸೆಟ್ಟಿನ ಸುರುಳಿಗೆ ಬಿಳಿ ಬೂಷ್ಟು ಹಿಡಿದಿದ್ದರೆ ಹಾಗೆಯೇ ಹಾಕಿ ಕೇಳಲು ಹೋಗಬೇಡಿ, ಟೇಪೂ ಕೆಡುತ್ತದೆ, ಯಂತ್ರವೂ ಕೆಡುತ್ತದೆ. ಹಳೆಯ ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ಲೇಬಲ್ಲಿನ ಜೊತೆಗೆ ಅದರ ಸುತ್ತ ಗೆರೆಯಿಲ್ಲದ ಜಾಗದಲ್ಲಿ ಕೆತ್ತಿದ ಅಂಕಿಗಳನ್ನೂ ಬರೆದುಕೊಳ್ಳಿ. ಯಾವ ಮುದ್ರಣ ಎಂದು ಪತ್ತೆ ಹಚ್ಚುವುದು ಅದರಿಂದಲೇ. ಧೂಳನ್ನು ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಸ್ಪಿರಿಟ್ ಮಾತ್ರ ಮುಟ್ಟಿಸಬೇಡಿ, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ.